ಪುಟ್ಟ ಹವಳದ ತೊಟ್ಟಿಯ ಮೇಲೆ ದೀಪ ಕೂರಿಸುವ ಬಗೆ: ಎತ್ತರ ಮೊದಲು, ತೂತು ಕೊನೆಗೆ

ಹವಳದ ತೊಟ್ಟಿಗೆಂದು ಹೊಸ ದೀಪ ತಂದವರಲ್ಲಿ ಹೆಚ್ಚಿನವರು ಮೊದಲು ಹುಡುಕುವುದು ಡ್ರಿಲ್ ಯಂತ್ರವನ್ನು. ದೀಪ ಎಷ್ಟು ಎತ್ತರದಲ್ಲಿರಬೇಕು ಎಂಬುದು ಆಮೇಲೆ, ಗೋಡೆಯಲ್ಲಿ ತೂತು ಬಿದ್ದ ಜಾಗಕ್ಕೆ ತಕ್ಕಂತೆ, ತಾನಾಗಿಯೇ ನಿರ್ಧಾರವಾಗಿಬಿಡುತ್ತದೆ. ಈ ಕ್ರಮವನ್ನು ತಲೆಕೆಳಗು ಮಾಡಬೇಕು ಎಂಬುದೇ ನನ್ನ ಮುಖ್ಯ ಸಲಹೆ. ಮೊದಲು ತಾತ್ಕಾಲಿಕವಾಗಿ ದೀಪವನ್ನು ತೂಗುಹಾಕಿ, ಹವಳ ಕೂರುವ ಜಾಗದಲ್ಲಿ ಬೆಳಕನ್ನು ಅಳೆದು, ಎತ್ತರವನ್ನು ಗೊತ್ತು ಮಾಡಿಕೊಳ್ಳಬೇಕು. ಆ ಎತ್ತರಕ್ಕೆ ಯಾವ ಆಧಾರ ಒಪ್ಪುತ್ತದೆ ಎಂದು ಆಮೇಲೆ ಯೋಚಿಸಬೇಕು. ಗೋಡೆಗೋ ತಾರಸಿಗೋ ಕೈಹಾಕುವುದು ಎಲ್ಲಕ್ಕಿಂತ ಕೊನೆಗೆ.

ಲೆಕ್ಕಗಳು ಸ್ಪಷ್ಟವಾಗಲೆಂದು ಒಂದೇ ತೊಟ್ಟಿಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ಬೆಂಗಳೂರಿನ ನಮ್ಮ ಫ್ಲಾಟಿನ ನಡುಮನೆಯಲ್ಲಿರುವ ಆ ತೊಟ್ಟಿ 60 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರದ್ದು. ಅದರಲ್ಲಿ ನೀರು ನಿಲ್ಲುವುದು 36 ಸೆಂ.ಮೀ. ವರೆಗೆ, ಅಂದರೆ ಸುಮಾರು 97 ಲೀಟರ್. ಗಾಜಿನ ದಪ್ಪ 8 ಮಿ.ಮೀ.; ಮೇಲಂಚಿಗೆ ಪಟ್ಟಿಯಿಲ್ಲ. ಕೆಳಗಿನ ಕ್ಯಾಬಿನೆಟ್ಟಿನ ಎತ್ತರ 75 ಸೆಂ.ಮೀ. ಹಿಂಬದಿಯಲ್ಲಿ ಪೈಪು ಮತ್ತು ವೈರುಗಳಿಗಾಗಿ ಗೋಡೆಯಿಂದ 8 ಸೆಂ.ಮೀ. ಜಾಗ ಬಿಟ್ಟಿದ್ದೇನೆ.

ಬೆಳಕು ಯಾರಿಗಾಗಿ

ಹವಳದ ಮೈಯೊಳಗೆ ಝೂಸ್ಯಾಂಥೆಲ್ಲೆ ಎಂಬ ಏಕಕೋಶದ ಪಾಚಿಗಳು ವಾಸಿಸುತ್ತವೆ. ಅವು ಬೆಳಕಿನಿಂದ ಆಹಾರ ತಯಾರಿಸಿ ಅದರ ದೊಡ್ಡ ಪಾಲನ್ನು ಹವಳಕ್ಕೆ ಕೊಡುತ್ತವೆ. ಬೆಳಕು ಸಾಲದಿದ್ದರೆ ಹವಳ ನಿಧಾನವಾಗಿ ಸೊರಗುತ್ತದೆ. ಬೆಳಕು ಒಮ್ಮೆಲೇ ಅತಿಯಾದರೆ ಆ ಪಾಚಿಯನ್ನೇ ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಎರಡನೆಯದು ಬೇಗ ಕೊಲ್ಲುತ್ತದೆ. ನನ್ನ ಮೊದಲ ದೀಪವನ್ನು ನೀರಿಗೆ 15 ಸೆಂ.ಮೀ. ಎತ್ತರದಲ್ಲಿ, ಪೂರ್ತಿ ತೀವ್ರತೆಯಲ್ಲಿ ಉರಿಸಿದ್ದರಿಂದ ಮೂರನೆಯ ವಾರಕ್ಕೆ ಎರಡು ಮಶ್ರೂಮ್ ಹವಳಗಳು ಕುಗ್ಗಿ ಬಣ್ಣ ಕಳೆದುಕೊಂಡವು. ಆ ನೋವಿನ ನೆನಪಿನಿಂದಲೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಗಿಡ ಮತ್ತು ಪಾಚಿಗಳಿಗೆ ಉಪಯೋಗವಾಗುವ 400ರಿಂದ 700 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಹವ್ಯಾಸಿಗಳು ‘ಪಾರ್’ ಎನ್ನುತ್ತಾರೆ. ಒಂದು ಚದರ ಮೀಟರಿನ ಮೇಲೆ ಒಂದು ಸೆಕೆಂಡಿಗೆ ಎಷ್ಟು ಮೈಕ್ರೋಮೋಲ್ ಬೆಳಕಿನ ಕಣಗಳು ಬೀಳುತ್ತವೆ ಎಂಬುದು ಅದರ ಅಳತೆ. ನಡು ಮಧ್ಯಾಹ್ನದ ಬಿಸಿಲು ಸುಮಾರು 2000 ಮುಟ್ಟುತ್ತದೆ. ಮಶ್ರೂಮ್, ಝೋವಾಂಥಿಡ್, ಲೆದರ್ ಮೊದಲಾದ ಮೆದು ಹವಳಗಳಿಗೆ 50ರಿಂದ 150ರ ನಡುವೆ ಇದ್ದರೆ ಸಾಕು. ಕವಲುಕವಲಾಗಿ ಬೆಳೆಯುವ ಗಟ್ಟಿ ಹವಳಗಳು 200ಕ್ಕಿಂತ ಹೆಚ್ಚು ಕೇಳುತ್ತವೆ.

ಗಟ್ಟಿ ಹವಳದ ಮಾತು ಬಂದದ್ದರಿಂದ ಒಂದು ವಿಷಯವನ್ನು ಇಲ್ಲಿಯೇ ಹೇಳಬೇಕು. ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳನ್ನೂ ಸೀ ಫ್ಯಾನ್, ಕಪ್ಪು ಹವಳ ಮುಂತಾದವುಗಳನ್ನೂ 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಲಾಗಿದೆ. ಮುರುಡೇಶ್ವರದ ಎದುರಿನ ನೇತ್ರಾಣಿಯಿಂದಾಗಲಿ, ಲಕ್ಷದ್ವೀಪದಿಂದಾಗಲಿ, ಮನ್ನಾರ್ ಕೊಲ್ಲಿಯಿಂದಾಗಲಿ ಅವುಗಳ ಒಂದು ತುಂಡನ್ನೂ ಕಿತ್ತು ತರುವಂತಿಲ್ಲ. ಹೀಗಾಗಿ ನಮ್ಮಲ್ಲಿ ಪುಟ್ಟ ತೊಟ್ಟಿ ಇಡುವವರು, ತೊಟ್ಟಿಯಲ್ಲೇ ಬೆಳೆಸಿ ಕವಲೊಡೆಸಿದ ಮೆದು ಹವಳಗಳಲ್ಲಿ ತೃಪ್ತರಾಗುವುದು ಎಲ್ಲ ರೀತಿಯಿಂದಲೂ ಒಳ್ಳೆಯದು. ಅವಕ್ಕೆ ದೈತ್ಯ ದೀಪವೂ ಬೇಕಿಲ್ಲ. ಈ ಅಳತೆಯ ತೊಟ್ಟಿಗೆ ತೀವ್ರತೆ ತಗ್ಗಿಸಬಹುದಾದ 50 ವಾಟಿನ ಒಂದು ಎಲ್‌ಇಡಿ ಧಾರಾಳವಾಯಿತು. ಅದು ಪೂರ್ತಿ ತೀವ್ರತೆಯಲ್ಲಿ ದಿನಕ್ಕೆ 9 ಗಂಟೆ ಉರಿದರೂ ತಿಂಗಳಿಗೆ ಸುಮಾರು 13.5 ಯೂನಿಟ್ ಮಾತ್ರ.

ಎತ್ತರದ ಲೆಕ್ಕ

ದೀಪದ ಪೆಟ್ಟಿಗೆಯ ಮೇಲೆ ಮಸೂರದ ಕೋನವನ್ನು ನಮೂದಿಸಿರುತ್ತಾರೆ. 90 ಡಿಗ್ರಿಯ ಮಸೂರವಾದರೆ, ಬೆಳಕಿನ ವೃತ್ತದ ಅಗಲ ಎತ್ತರದ ಎರಡರಷ್ಟು ಎಂದು ನೆನಪಿಟ್ಟುಕೊಂಡರೆ ಸಾಕು. ನೀರಿನಿಂದ 25 ಸೆಂ.ಮೀ. ಮೇಲಿದ್ದರೆ ನೀರಿನ ಮೇಲ್ಮೈಯಲ್ಲಿ 50 ಸೆಂ.ಮೀ. ಅಗಲದ ವೃತ್ತ ಬೀಳುತ್ತದೆ. ತೊಟ್ಟಿಯ ಉದ್ದ 60 ಇರುವಾಗ ಇದು ಕಡಿಮೆಯಾಯಿತಲ್ಲ ಎನ್ನಿಸಬಹುದು. ಆದರೆ ನೀರನ್ನು ಹೊಕ್ಕ ಬೆಳಕು ಬಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. 45 ಡಿಗ್ರಿ ಓರೆಯಲ್ಲಿ ಬಂದ ಕಿರಣ ನೀರೊಳಗೆ ಸುಮಾರು 32 ಡಿಗ್ರಿ ಓರೆಯಲ್ಲಿ ಸಾಗುತ್ತದೆ, 10 ಸೆಂ.ಮೀ. ಆಳಕ್ಕೆ ಇಳಿಯುವಷ್ಟರಲ್ಲಿ ವೃತ್ತ 62 ಸೆಂ.ಮೀ. ಆಗಿರುತ್ತದೆ. ಹವಳಗಳಿರುವುದು ಅದಕ್ಕೂ ಕೆಳಗೆ. ಗಾಜಿನ ಗೋಡೆಗೆ ತಾಗಿದ ಕಿರಣಗಳಲ್ಲಿ ಬಹುಪಾಲು ಮತ್ತೆ ಒಳಕ್ಕೇ ಪ್ರತಿಫಲಿಸುವುದರಿಂದ, ಬಯಲಿನಲ್ಲಿ ದೂರ ಎರಡರಷ್ಟಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ ಎಂಬ ಶಾಲೆಯ ನಿಯಮವೂ ತೊಟ್ಟಿಯೊಳಗೆ ಅಷ್ಟು ಕಟ್ಟುನಿಟ್ಟಾಗಿ ನಡೆಯುವುದಿಲ್ಲ.

120 ಡಿಗ್ರಿಯ ಮಸೂರದ ಕಥೆ ಬೇರೆ. ಅದೇ 25 ಸೆಂ.ಮೀ. ಎತ್ತರದಿಂದ ಅದು 87 ಸೆಂ.ಮೀ. ಅಗಲಕ್ಕೆ ಹರಡಿ, ತೊಟ್ಟಿಯ ಹೊರಗೆ ಚೆಲ್ಲಿ, ಸೋಫಾದಲ್ಲಿ ಕೂತವರ ಕಣ್ಣಿಗೆ ನೀಲಿ ಬೆಳಕು ಕುಕ್ಕುತ್ತದೆ. ಚೆಲ್ಲದಿರಲು 17 ಸೆಂ.ಮೀ.ಗೆ ಇಳಿಸಬೇಕಾಗುತ್ತದೆ, ಆಗ ನಡುವಿನ ಕಲ್ಲಿನ ಮೇಲೆ ಬೆಳಕು ಅತಿಯಾಗುತ್ತದೆ, ಪಂಪು ಎಬ್ಬಿಸುವ ಉಪ್ಪಿನ ಹನಿಗಳು ಮಸೂರಕ್ಕೆ ಹಾರುತ್ತವೆ, ತೊಟ್ಟಿಯೊಳಗೆ ಕೈಯಾಡಿಸಲು ಜಾಗವೂ ಉಳಿಯುವುದಿಲ್ಲ. ಪುಟ್ಟ ತೊಟ್ಟಿಗೆ ದೀಪ ಕೊಳ್ಳುವಾಗ 80ರಿಂದ 90 ಡಿಗ್ರಿಯ ಮಸೂರವನ್ನೇ ಆರಿಸಿಕೊಳ್ಳಿ ಎಂದು ನಾನು ಹೇಳುವುದು ಈ ಕಾರಣಕ್ಕೆ.

ತೊಟ್ಟಿಗೆ ಗಾಜಿನ ಮುಚ್ಚಳವಿದ್ದರೆ ಅದನ್ನೂ ಲೆಕ್ಕಕ್ಕೆ ಸೇರಿಸಬೇಕು. ಶುಭ್ರವಾದ ಗಾಜು ಕೂಡ ತನ್ನ ಎರಡು ಮೈಗಳಿಂದ ಸುಮಾರು ಶೇಕಡಾ 8ರಷ್ಟು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಉಪ್ಪು ಕಟ್ಟಿದ ಗಾಜಿನ ಮಾತಂತೂ ಬೇಡ. ಮೀನು ಜಿಗಿಯದಂತೆ ತಡೆಯಲು ಬಲೆಯ ಮುಚ್ಚಳ ಮೇಲು.

ತೂತಿಲ್ಲದ ಪರೀಕ್ಷೆ

ತೊಟ್ಟಿಯ ಎರಡು ಬದಿಗೆ ಆರಡಿಯ ಎರಡು ಅಲ್ಯೂಮಿನಿಯಂ ಏಣಿಗಳನ್ನು ನಿಲ್ಲಿಸಿ, ಅವುಗಳ ಮೆಟ್ಟಿಲುಗಳ ಮೇಲೆ ಅಡ್ಡಲಾಗಿ ಒಂದು ಗಟ್ಟಿ ಬಿದಿರಿನ ಗಳ ಇಟ್ಟು, ಎರಡೂ ತುದಿಯನ್ನು ಹಗ್ಗದಿಂದ ಬಿಗಿಯಾಗಿ ಕಟ್ಟಿ. ದೀಪವನ್ನು ಆ ಗಳಕ್ಕೆ ನೈಲಾನ್ ಹಗ್ಗದಿಂದ ತೂಗುಹಾಕಿ, ಕಾವಲಿಗೆಂದು ಎರಡನೆಯ ಹಗ್ಗವನ್ನೂ ಕಟ್ಟಿ. ಮನೆಯಲ್ಲಿ ಮಕ್ಕಳಿದ್ದರೆ ಈ ಕೆಲಸವನ್ನು ಅವರು ಶಾಲೆಗೆ ಹೋದ ಹೊತ್ತಿನಲ್ಲಿ ಮಾಡಿ ಮುಗಿಸಿ, ಏಣಿಗಳನ್ನು ತೆಗೆದುಬಿಡಿ. ತೊಟ್ಟಿಯಲ್ಲಿ ನೀರು, ಕಲ್ಲು, ಮರಳು ಇರಬೇಕು, ಪಂಪುಗಳು ಓಡುತ್ತಿರಬೇಕು. ಹವಳಗಳು ಇನ್ನೂ ಬಂದಿರದಿದ್ದರೆ ಅತ್ಯುತ್ತಮ.

ಅಳೆಯಲು ನೀರಿನೊಳಗೆ ಇಳಿಸಬಹುದಾದ ಪಾರ್ ಮೀಟರ್ ಬೇಕು. ಅದು ದುಬಾರಿ ಸಾಧನ. ಒಂದು ದಿನದ ಕೆಲಸಕ್ಕಾಗಿ ಕೊಳ್ಳುವುದಕ್ಕಿಂತ ಹವ್ಯಾಸಿ ಗೆಳೆಯರಿಂದ ಎರವಲು ಪಡೆಯುವುದೋ ನಾಲ್ಕಾರು ಮಂದಿ ಸೇರಿ ಒಂದನ್ನು ಕೊಳ್ಳುವುದೋ ಜಾಣತನ. ಮೊಬೈಲಿನ ಲಕ್ಸ್ ಆ್ಯಪ್ ಇಲ್ಲಿ ಕೆಲಸಕ್ಕೆ ಬಾರದು. ಲಕ್ಸ್ ಎಂಬುದು ಮನುಷ್ಯನ ಕಣ್ಣಿಗೆ ಹೊಂದಿಸಿದ ಅಳತೆ. ನಮ್ಮ ಕಣ್ಣಿಗೆ ಹಸಿರು ಹೆಚ್ಚು, ನೀಲಿ ಕಡಿಮೆ ಕಾಣುತ್ತದೆ. ಹವಳದ ದೀಪವೋ ಬಹುತೇಕ ನೀಲಿ. ಆದ್ದರಿಂದ ಆ್ಯಪ್ ತೋರಿಸುವ ಅಂಕಿ ಕಡಿಮೆ ಕಂಡು, ನಾವು ದೀಪವನ್ನು ಇನ್ನಷ್ಟು ಕೆಳಗಿಳಿಸುವ ಅಪಾಯವಿದೆ.

ದೀಪವನ್ನು ನೀರಿನಿಂದ 25 ಸೆಂ.ಮೀ.ಗೆ ನಿಲ್ಲಿಸಿ, ತೀವ್ರತೆಯನ್ನು ಶೇಕಡಾ 60ಕ್ಕೆ ಇಟ್ಟು, ಮರಳಿನ ಮೇಲೆ ಮೂರು ಸಾಲಿನಲ್ಲಿ ಮೂರು ಮೂರರಂತೆ ಒಂಬತ್ತು ಕಡೆ ಅಳೆಯಿರಿ. ಆಮೇಲೆ ಕಲ್ಲಿನ ಪ್ರತಿಯೊಂದು ಮೆಟ್ಟಿಲಿನ ಮೇಲೂ ಅಳೆಯಿರಿ. ನೀರಿನ ಅಲೆಯಿಂದ ಅಂಕಿ ಕುಣಿಯುತ್ತಿರುತ್ತದೆ. ಅರ್ಧ ನಿಮಿಷ ನೋಡಿ ಸರಾಸರಿ ಬರೆದುಕೊಳ್ಳಿ. ಮೆದು ಹವಳಗಳ ತೊಟ್ಟಿಯಲ್ಲಿ ಮರಳಿನ ಮೇಲೆ 50ರಿಂದ 80, ನಡುಗಲ್ಲಿನ ಮೇಲೆ 80ರಿಂದ 120 ಸಿಗುವುದನ್ನು ನಾನು ಗುರಿಯಾಗಿಟ್ಟುಕೊಳ್ಳುತ್ತೇನೆ. ಎಲ್ಲಕ್ಕಿಂತ ಎತ್ತರದ ಕಲ್ಲಿನ ಮೇಲೂ 150 ದಾಟಬಾರದು. ನಡುವೆ ಹೆಚ್ಚಾಗಿ ಮೂಲೆಗಳಲ್ಲಿ ತೀರ ಕಡಿಮೆಯಾದರೆ ದೀಪವನ್ನು 5 ಸೆಂ.ಮೀ. ಮೇಲೇರಿಸಿ, ತೀವ್ರತೆಯನ್ನು ಸ್ವಲ್ಪ ಹೆಚ್ಚಿಸಿ, ಮತ್ತೆ ಅಳೆಯಿರಿ. ಎತ್ತರ ಹೆಚ್ಚಿದಷ್ಟೂ ಬೆಳಕು ಸಮವಾಗಿ ಹರಡುತ್ತದೆ, ಆದರೆ ಹೊರಗೂ ಚೆಲ್ಲುತ್ತದೆ. ಈ ಎರಡರ ನಡುವಿನ ಹದ ಎಲ್ಲಿದೆ ಎಂಬುದನ್ನು ನಿಮ್ಮ ಕಲ್ಲಿನ ಜೋಡಣೆಯೇ ಹೇಳಬೇಕು. ನನ್ನ ತೊಟ್ಟಿಯಲ್ಲಿ ಅದು 27 ಸೆಂ.ಮೀ.ಗೆ ಬಂದು ನಿಂತಿತು.

ಯಾವ ಆಧಾರ

ತೊಟ್ಟಿಯ ಅಂಚಿಗೆ ಕಚ್ಚುವ, ಬಾಗುವ ಕತ್ತಿನ ಕ್ಲ್ಯಾಂಪು ಎಲ್ಲಕ್ಕಿಂತ ಸುಲಭದ್ದು, ಬಾಡಿಗೆ ಮನೆಯವರಿಗೆ ಅನುಕೂಲದ್ದು. ಅರ್ಧ ಕಿಲೋದೊಳಗಿನ ದೀಪವಾದರೆ ಅಡ್ಡಿಯಿಲ್ಲ. ಆದರೆ ಉದ್ದ ಕತ್ತಿನ ತುದಿಯ ಭಾರವೆಲ್ಲ ಗಾಜಿನ ಒಂದೇ ಜಾಗವನ್ನು ಹಿಂದಕ್ಕೂ ಮುಂದಕ್ಕೂ ಮುರಿಯುವಂತೆ ಎಳೆಯುತ್ತದೆ. ಆದ್ದರಿಂದ ಕ್ಲ್ಯಾಂಪಿನ ಎರಡೂ ದವಡೆಗೆ ರಬ್ಬರು ಇರಲಿ, ಸಿಲಿಕೋನ್ ಬೆಸುಗೆಯಿರುವ ಮೂಲೆಯಿಂದ ದೂರವಿರಲಿ, ತಿರುಪನ್ನು ಬೆರಳಿನಿಂದ ಮಾತ್ರ ಬಿಗಿ ಮಾಡಿ, ಇಕ್ಕಳ ಹಾಕಬೇಡಿ. 6 ಮಿ.ಮೀ. ಗಾಜಿಗೆ, ಅದರಲ್ಲೂ ಮೇಲಂಚಿನ ಪಟ್ಟಿಯಿಲ್ಲದ ತೊಟ್ಟಿಗೆ, ಒಂದು ಕಿಲೋದ ದೀಪವನ್ನು ಹೀಗೆ ಕಚ್ಚಿಸುವುದನ್ನು ನಾನು ಒಪ್ಪುವುದಿಲ್ಲ.

ಕ್ಯಾಬಿನೆಟ್ಟಿನ ಹಿಂಬದಿಗೆ ಕಂಬ ನಿಲ್ಲಿಸುವುದು ಎರಡನೆಯ ದಾರಿ. 25 ಮಿ.ಮೀ. ಚೌಕದ ಅಲ್ಯೂಮಿನಿಯಂ ಕೊಳವೆಯನ್ನು ತಲೆಕೆಳಗಾದ ‘ಎಲ್’ ಅಕ್ಷರದಂತೆ ಜೋಡಿಸಿ, ಕನಿಷ್ಠ 35 ಸೆಂ.ಮೀ. ಅಂತರದ ಎರಡು ಕಡೆ ಕ್ಯಾಬಿನೆಟ್ಟಿಗೆ ಬಿಗಿಯಬೇಕು. ಹಲಗೆ 18 ಮಿ.ಮೀ. ಮರೈನ್ ಪ್ಲೈವುಡ್ ಆಗಿದ್ದು, ಆರಪಾರ ತೂರುವ ಬೋಲ್ಟಿಗೆ ಒಳಗೂ ಹೊರಗೂ ಅಗಲ ವಾಷರ್ ಹಾಕಿದರೆ ಆಧಾರ ಅಲುಗಾಡುವುದಿಲ್ಲ. ಮರದ ಪುಡಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡಿನ ಕ್ಯಾಬಿನೆಟ್ ಆದರೆ ಈ ದಾರಿಯನ್ನು ಬಿಟ್ಟುಬಿಡಿ; ತೇವ ಕುಡಿದ ಆ ಹಲಗೆಯಲ್ಲಿ ತಿರುಪು ನಿಲ್ಲುವುದಿಲ್ಲ.

ತಾರಸಿಯಿಂದ ತೂಗುಹಾಕುವುದು ನೋಡಲು ಅಂದ, ತೊಟ್ಟಿಯ ಸುತ್ತ ಜಾಗವೂ ಮುಕ್ತ. ಹತ್ತಡಿ ಎತ್ತರದ ಕೋಣೆಯಲ್ಲಿ ತಂತಿ ಸುಮಾರು 165 ಸೆಂ.ಮೀ. ಉದ್ದ ಬೇಕಾಗುತ್ತದೆ. ಒಂದೇ ತಂತಿಯಾದರೆ ಫ್ಯಾನಿನ ಗಾಳಿಗೆ ದೀಪ ಗಿರಕಿ ಹೊಡೆಯುತ್ತದೆ. ದೀಪಕ್ಕಿಂತ ಅಗಲವಾದ ಅಂತರದಲ್ಲಿ ಎರಡು ಕೊಕ್ಕೆ ಹಾಕಿ, ಪ್ರತಿಯೊಂದರಿಂದ ಎರಡೆರಡು ತಂತಿ ಇಳಿಸಿದರೆ ಅದು ನಿಲ್ಲುತ್ತದೆ. ಜಿಪ್ಸಮ್ ಫಾಲ್ಸ್ ಸೀಲಿಂಗ್ ಇದ್ದರೆ ಅದಕ್ಕೆ ಭಾರ ಕೊಡಬಾರದು. ಅದನ್ನು ತೂರಿ ಮೇಲಿನ ಆರ್‌ಸಿಸಿ ಸ್ಲ್ಯಾಬಿಗೇ ಕೊಕ್ಕೆ ಹಾಕಬೇಕು. ಸ್ಲ್ಯಾಬಿನಲ್ಲಿ ಕೆಳಮುಖದಿಂದ ಸುಮಾರು 20 ಮಿ.ಮೀ. ಒಳಗೇ ಕಬ್ಬಿಣದ ಸರಳುಗಳಿರುತ್ತವೆ. ಡ್ರಿಲ್ಲಿನ ಕೊರೆಯುವ ಕಡ್ಡಿ, ಅಂದರೆ ಬಿಟ್, ಸರಳಿಗೆ ತಾಗಿ ಮುಂದೆ ಹೋಗದಿದ್ದರೆ ಬಲವಂತ ಮಾಡದೆ ಮೂರ್ನಾಲ್ಕು ಸೆಂ.ಮೀ. ಪಕ್ಕಕ್ಕೆ ಸರಿಯಿರಿ. ದೀಪ, ಫ್ಯಾನುಗಳ ವೈರಿನ ಪೈಪು ಎಲ್ಲಿ ಹಾದಿದೆ ಎಂದು ಮೊದಲೇ ಎಲೆಕ್ಟ್ರಿಷಿಯನ್ನರನ್ನು ಕೇಳಿ ತಿಳಿದುಕೊಳ್ಳಿ.

ಸ್ವಂತ ಮನೆಯಾಗಿದ್ದು, ತೊಟ್ಟಿ ಗೋಡೆಗೆ ಹತ್ತಿರವಿದ್ದರೆ ಗೋಡೆಯ ಬ್ರಾಕೆಟ್ಟನ್ನೇ ನಾನು ಆರಿಸುವುದು. ಗಾಜಿಗೂ ಕ್ಯಾಬಿನೆಟ್ಟಿಗೂ ಭಾರವಿಲ್ಲ, ಗಾಳಿಗೆ ಅಲುಗುವುದಿಲ್ಲ, ಎತ್ತರ ಬದಲಿಸುವುದೂ ಸುಲಭ. ಅದರ ಕೆಲಸವನ್ನು ಮಾತ್ರ ಹಂತ ಹಂತವಾಗಿ ವಿವರಿಸುತ್ತೇನೆ.

ಗೋಡೆಯ ಬ್ರಾಕೆಟ್

ನಮ್ಮ ತೊಟ್ಟಿಯಲ್ಲಿ ಗೋಡೆಯಿಂದ ತೊಟ್ಟಿಯ ನಡುಗೆರೆಗೆ 8 ಮತ್ತು 22.5 ಸೇರಿ 30.5 ಸೆಂ.ಮೀ. ಆದ್ದರಿಂದ ದೀಪದ ಮಧ್ಯ ಸರಿಯಾಗಿ ಅಲ್ಲಿಗೆ ಬರುವಷ್ಟು ಉದ್ದದ ತೋಳು ಬೇಕು. ಹತ್ತಿರದ ಅಲ್ಯೂಮಿನಿಯಂ ಫ್ಯಾಬ್ರಿಕೇಷನ್ ಅಂಗಡಿಯಲ್ಲಿ ಅಳತೆ ಕೊಟ್ಟರೆ ಮಾಡಿಕೊಡುತ್ತಾರೆ. ಗೋಡೆಗೆ ಕೂರುವ ಪಟ್ಟಿಯ ಮೇಲಿನ ಮತ್ತು ಕೆಳಗಿನ ತಿರುಪುಗಳ ನಡುವೆ ಕನಿಷ್ಠ 10 ಸೆಂ.ಮೀ. ಅಂತರವಿರಬೇಕೆಂದು ಹೇಳಿ. ಅದಕ್ಕೆ ಕಾರಣವಿದೆ: ಒಂದು ಕಿಲೋದ ದೀಪ 31 ಸೆಂ.ಮೀ. ದೂರದಲ್ಲಿ, 800 ಗ್ರಾಮಿನ ತೋಳಿನ ಭಾರ ಅದರ ಅರ್ಧ ದೂರದಲ್ಲಿ ತೂಗಿದಾಗ, ಮೇಲಿನ ತಿರುಪುಗಳನ್ನು ಗೋಡೆಯಿಂದ ಹೊರಕ್ಕೆಳೆಯುವ ಬಲ ಸುಮಾರು 4.3 ಕಿಲೋ ಆಗುತ್ತದೆ. ಅಂತರವನ್ನು 5 ಸೆಂ.ಮೀ.ಗೆ ಇಳಿಸಿದರೆ ಆ ಬಲ ಎರಡರಷ್ಟಾಗುತ್ತದೆ. ಪಟ್ಟಿಯಲ್ಲಿ ಉದ್ದನೆಯ ಸೀಳುಗಂಡಿ ಮಾಡಿಸಿಕೊಂಡರೆ ಮುಂದೆ ದೀಪವನ್ನು ಆರೇಳು ಸೆಂ.ಮೀ. ಮೇಲೆ ಕೆಳಗೆ ಸರಿಸಬಹುದು. ಹವಳ ಬೆಳೆದು ಎತ್ತರವಾದಾಗ ಇದು ಬೇಕಾಗುತ್ತದೆ.

ಕೊರೆಯುವ ಮುನ್ನ ತೊಟ್ಟಿಯನ್ನು ದಪ್ಪ ಪ್ಲಾಸ್ಟಿಕ್ ಹಾಳೆಯಿಂದ ಪೂರ್ತಿ ಮುಚ್ಚಿ, ಅದರ ಮೇಲೊಂದು ಒದ್ದೆ ಬಟ್ಟೆ ಹಾಸಿ. ಸಿಮೆಂಟಿನ ದೂಳು ಕ್ಷಾರೀಯ. ಅದು ನೀರಿಗೆ ಬೀಳಬಾರದು. ತೂತು ಬೀಳುವ ಜಾಗದ ಕೆಳಗೆ ಬಾಯಿ ತೆರೆದ ಹಳೆಯ ಲಕೋಟೆಯನ್ನು ಟೇಪಿನಿಂದ ಅಂಟಿಸಿದರೆ ಹೆಚ್ಚಿನ ಪುಡಿ ಅದರೊಳಗೇ ಬೀಳುತ್ತದೆ. ತೊಟ್ಟಿ ಮನೆಗೆ ಬರುವ ಮೊದಲೇ ಗೋಡೆಯ ಕೆಲಸ ಮುಗಿಸುವ ಆಸೆಯಾಗುವುದು ಸಹಜ. ಆದರೆ ಎತ್ತರದ ಪರೀಕ್ಷೆ ಆಗದೆ ಅದು ಸಾಧ್ಯವಿಲ್ಲ.

ತೊಟ್ಟಿಯ ಉದ್ದದ ನಡುವನ್ನು ತೂಗುಗುಂಡು ಹಿಡಿದು ಗೋಡೆಗೆ ಗುರುತಿಸಿ. ಪರೀಕ್ಷೆಯಲ್ಲಿ ಸಿಕ್ಕ ಎತ್ತರಕ್ಕೆ ದೀಪದ ದಪ್ಪವನ್ನೂ ತೋಳಿನ ಕೊಕ್ಕೆಯ ಉದ್ದವನ್ನೂ ಕೂಡಿಸಿ ಪಟ್ಟಿಯ ಜಾಗ ಗುರುತಿಸಿ, ರಸಮಟ್ಟ ಇಟ್ಟು ಸರಿನೋಡಿ. 8 ಮಿ.ಮೀ. ಕಾಂಕ್ರೀಟ್ ಬಿಟ್ಟಿನಿಂದ 65 ಮಿ.ಮೀ. ಆಳ ಕೊರೆಯಿರಿ, ಬಿಟ್ಟಿನ ಮೇಲೆ ಆ ಅಳತೆಗೆ ಟೇಪು ಸುತ್ತಿಕೊಂಡರೆ ಆಳ ತಪ್ಪುವುದಿಲ್ಲ. ಗೋಡೆಯ ಗಾರೆಯೇ 12ರಿಂದ 15 ಮಿ.ಮೀ. ದಪ್ಪವಿರುತ್ತದೆ, ಅದಕ್ಕೆ ಹಿಡಿತವಿಲ್ಲ. ನೈಲಾನ್ ಪ್ಲಗ್ ಅದನ್ನು ದಾಟಿ ಇಟ್ಟಿಗೆಯೊಳಗೆ ಪೂರ್ತಿ ಕೂರಬೇಕು. ತೂತಿನ ಪುಡಿಯನ್ನು ಊದಿ ತೆಗೆಯದೆ ಪ್ಲಗ್ ಹೊಡೆದರೆ ಅದು ಸಡಿಲಾಗಿಯೇ ಉಳಿಯುತ್ತದೆ. ಒಳಗೆ ಟೊಳ್ಳಿರುವ ಹಾಲೋ ಬ್ಲಾಕ್ ಗೋಡೆಗೂ ಹಗುರವಾದ ಎಎಸಿ ಬ್ಲಾಕ್ ಗೋಡೆಗೂ ಸಾಮಾನ್ಯ ಪ್ಲಗ್ ಆಗುವುದಿಲ್ಲ. ಅವುಗಳಿಗೆಂದೇ ಮಾಡಿದ ಪ್ಲಗ್ ಕೇಳಿ ಪಡೆಯಬೇಕು.

ಬ್ರಾಕೆಟ್ ಬಿಗಿದ ಮೇಲೆ ದೀಪವನ್ನು ತಕ್ಷಣ ತೂಗುಹಾಕಬೇಡಿ. ತೊಟ್ಟಿಯ ಮೇಲೊಂದು ಹಲಗೆ ಮುಚ್ಚಿ, ತೋಳಿನ ತುದಿಗೆ ಒಂದು ಲೀಟರಿನ ಮೂರು ನೀರಿನ ಬಾಟಲಿಗಳನ್ನು ಚೀಲದಲ್ಲಿ ಹಾಕಿ, ಹಲಗೆಗಿಂತ ಕೇವಲ ಒಂದೆರಡು ಸೆಂ.ಮೀ. ಮೇಲಿರುವಂತೆ ಒಂದು ದಿನ ತೂಗುಬಿಡಿ. ಪಟ್ಟಿ ಗೋಡೆಯಿಂದ ಕೂದಲೆಳೆಯಷ್ಟು ಬಿಟ್ಟುಕೊಂಡರೂ ಕಿತ್ತು ಮತ್ತೆ ಮಾಡಬೇಕು.

ಬಿದ್ದರೂ ನೀರು ಮುಟ್ಟದಂತೆ

ಯಾವ ಆಧಾರವೇ ಇರಲಿ, ದೀಪಕ್ಕೆ ಪ್ರತ್ಯೇಕವಾದ ಕಾವಲು ತಂತಿ ಇರಲೇಬೇಕು. 1.5 ಮಿ.ಮೀ. ಸ್ಟೇನ್‌ಲೆಸ್ ಉಕ್ಕಿನ ಹೆಣೆದ ತಂತಿಯ ಒಂದು ತುದಿಯನ್ನು ದೀಪದ ಚೌಕಟ್ಟಿಗೂ ಇನ್ನೊಂದನ್ನು ಬ್ರಾಕೆಟ್ಟಿಗಲ್ಲದೆ ಗೋಡೆಯ ಬೇರೊಂದು ಕೊಕ್ಕೆಗೂ ಕಟ್ಟಿ. ಸಡಿಲು 5 ಸೆಂ.ಮೀ. ಮೀರದಿರಲಿ. ಕೊಕ್ಕೆ ದೀಪದ ನೇರ ಮೇಲಿಲ್ಲದಿದ್ದರೆ ಬಿದ್ದ ದೀಪ ಗೋಡೆಯ ಕಡೆಗೆ ತೂಗಿಕೊಂಡು ಕೆಳಗಿಳಿಯುತ್ತದೆ. ಆಗ ಅದರ ಕೆಳತುದಿ ನೀರಿಗೆ ತಾಗುವುದೋ ಎಂದು ಅಳೆದು ನೋಡಿ, ತಾಗುವಂತಿದ್ದರೆ ಕೊಕ್ಕೆಯನ್ನು ಎತ್ತರಿಸಿ.

ವಿದ್ಯುತ್ತಿನ ವಿಷಯದಲ್ಲಿ ರಾಜಿ ಬೇಡ. ನಮ್ಮ ಮನೆಗಳ 230 ವೋಲ್ಟ್ ಕರೆಂಟು ಮತ್ತು ಉಪ್ಪುನೀರು ಒಂದೆಡೆ ಇರುವ ಕೋಣೆಯಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನಾಗಿಯೇ ಕಡಿದುಹಾಕುವ ಸ್ವಿಚ್ಚು, ಇರಲೇಬೇಕು. ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡಬೇಕು. ದೀಪದ ಅಡಾಪ್ಟರನ್ನು ತೊಟ್ಟಿಯ ಮೇಲಾಗಲಿ ಕೆಳಗಾಗಲಿ ಇಡದೆ ಪಕ್ಕದ ಗೋಡೆಗೆ ಕೂರಿಸಿ. ವೈರು ತೋಳಿನುದ್ದಕ್ಕೂ ಕಟ್ಟಿಕೊಂಡು ಬಂದು, ಸಾಕೆಟ್ಟಿಗಿಂತ ಒಂದು ಗೇಣು ಕೆಳಗಿಳಿದು, ಮತ್ತೆ ಮೇಲೇರಿ ಪ್ಲಗ್ಗಿಗೆ ಸೇರಲಿ. ವೈರಿನ ಗುಂಟ ಹರಿದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಅರ್ಥಿಂಗ್ ಇಲ್ಲದ ಎರಡು ಕಡ್ಡಿಯ ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಇಲ್ಲಿ ಜಾಗವಿಲ್ಲ.

ನೀರಿನ ಮೇಲೆ ಬರುವ ತಿರುಪು, ಕೊಕ್ಕೆ, ಸರಪಳಿಗಳಲ್ಲಿ ಹಿತ್ತಾಳೆಯಾಗಲಿ ತಾಮ್ರವಾಗಲಿ ಇರಬಾರದು. ತಾಮ್ರ ಕರಗಿದ ಹನಿಗಳು ಹವಳಕ್ಕೂ ಸಿಗಡಿಗೂ ವಿಷ. ಸತು ಲೇಪಿಸಿದ ಜಿಐ ತಿರುಪು ಉಪ್ಪಿನ ಆವಿಗೆ ಬೇಗ ತುಕ್ಕು ಹಿಡಿಯುತ್ತದೆ. ಮಂಗಳೂರು, ಕಾರವಾರದ ಮಳೆಗಾಲದಲ್ಲಂತೂ ಇನ್ನೂ ಬೇಗ. 316 ದರ್ಜೆಯ ಸ್ಟೇನ್‌ಲೆಸ್ ತಿರುಪಿಗೆ ಕೊಡುವ ನಾಲ್ಕು ಕಾಸು ಹೆಚ್ಚಿನ ಬೆಲೆ ದಂಡವಲ್ಲ.

ಮೊದಲ ನಾಲ್ಕು ವಾರ

ಹವಳಗಳನ್ನು ಇಟ್ಟ ಮೊದಲ ವಾರ ದೀಪದ ತೀವ್ರತೆ ಪರೀಕ್ಷೆಯಲ್ಲಿ ಗೊತ್ತು ಮಾಡಿದ್ದರ ಅರ್ಧದಷ್ಟಿರಲಿ. ವಾರಕ್ಕೆ ಗುರಿಯ ಎಂಟನೆಯ ಒಂದು ಭಾಗದಂತೆ ಏರಿಸುತ್ತ ಹೋದರೆ ನಾಲ್ಕು ವಾರ ಕಳೆಯುವಷ್ಟರಲ್ಲಿ ಪೂರ್ತಿಯಾಗುತ್ತದೆ. ದಿನಕ್ಕೆ ಒಟ್ಟು 9 ಗಂಟೆ, ಅದರಲ್ಲಿ ಮೊದಲ ಮತ್ತು ಕೊನೆಯ ಒಂದೊಂದು ಗಂಟೆ ಮಂದವಾಗಿ ಏರಿಳಿಯುವಂತೆ ಹೊಂದಿಸಿ. ಕರೆಂಟು ಹೋದಾಗ ಮುಳ್ಳಿನ ಟೈಮರ್ ನಿಂತು ಹಿಂದೆ ಬೀಳುತ್ತದೆ. ಬ್ಯಾಟರಿಯಿರುವ ಡಿಜಿಟಲ್ ಟೈಮರ್ ಬಳಸಿ. ದೀಪವನ್ನು ಯುಪಿಎಸ್‌ಗೆ ಜೋಡಿಸುವ ಅಗತ್ಯವಿಲ್ಲ. ಕೆಲವು ಗಂಟೆ ಕತ್ತಲಾದರೆ ಹವಳಕ್ಕೆ ಏನೂ ಆಗದು, ಆ ಬ್ಯಾಟರಿ ಪಂಪಿಗೆ ಬೇಕು. ಏಪ್ರಿಲ್ ತಿಂಗಳ ಸೆಕೆಯಲ್ಲಿ ನೀರು 27 ಡಿಗ್ರಿ ದಾಟಿದರೆ ನೀರಿನ ಮೇಲ್ಮೈಗೆ ಪುಟ್ಟ ಫ್ಯಾನ್ ಹಿಡಿಯಿರಿ, ಆದರೆ ಅದರ ಗಾಳಿ ದೀಪದ ಗಾಳಿಗಂಡಿಗೆ ಉಪ್ಪಿನ ಆವಿಯನ್ನು ನೂಕದಂತೆ ತಿರುಗಿಸಿಡಿ.

ಮೀಟರ್ ಹಿಂತಿರುಗಿಸಿದ ಮೇಲೆ ಹವಳವೇ ಮೀಟರ್. ಝೋವಾಂಥಿಡ್‌ಗಳು ಕಾಂಡ ನೀಳಮಾಡಿ ಮೇಲಕ್ಕೆ ಚಾಚಿದರೆ ಬೆಳಕು ಸಾಲದೆಂದು ಅರ್ಥ. ಮಶ್ರೂಮ್‌ಗಳು ಅಂಚು ಮಡಚಿ ಕುಗ್ಗಿದರೆ, ಬಣ್ಣ ತೆಳುವಾದರೆ ಅತಿಯಾಗಿದೆ. ಇಂಥ ಲಕ್ಷಣ ಕಂಡಾಗ ದೀಪಕ್ಕೆ ಕೈಹಾಕುವ ಮುನ್ನ ಆ ಒಂದು ಹವಳವನ್ನು ಒಂದು ಮೆಟ್ಟಿಲು ಕೆಳಗೋ ಮೇಲೋ ಸರಿಸಿ ಹತ್ತು ದಿನ ನೋಡಿ. ದೀಪ ಬದಲಿಸಿದರೆ ನೆಮ್ಮದಿಯಾಗಿದ್ದ ಉಳಿದವಕ್ಕೂ ತೊಂದರೆಯಾಗುತ್ತದೆ. ಹಲವು ಹವಳಗಳು ಒಟ್ಟಿಗೆ ಹಾಗೆ ಮಾಡಿದರೆ ಮಾತ್ರ ತೀವ್ರತೆಯನ್ನು ತಿದ್ದಿ. ವಾರಕ್ಕೊಮ್ಮೆ ದೀಪ ಆರಿಸಿ, ಪ್ಲಗ್ ತೆಗೆದು, ಆರ್‌ಒ ನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಮಸೂರ ಒರೆಸಿ, ಅದೇ ಹೊತ್ತಿನಲ್ಲಿ ಬ್ರಾಕೆಟ್ಟಿನ ತಿರುಪುಗಳನ್ನೂ ಕಾವಲು ತಂತಿಯ ಗಂಟನ್ನೂ ಬೆರಳಿನಿಂದ ಮುಟ್ಟಿ ನೋಡಿ.